ಫೀಸಿಲ್ಲದ ಕಡತಗಳ ಮೇಲೊಂದು ಪಿಎಚ್‌ಡಿ

ಕಳೆದ ತಿಂಗಳು ಒಂದೇ ವಾರದಲ್ಲಿ ಮೂರು ಸಿನಾಪ್ಸಿಸ್, ಅಂದರೆ ಸಂಶೋಧನೆಯ ರೂಪುರೇಷೆಗಳು, ನನ್ನ ಮೇಜಿಗೆ ಬಂದವು. ಮೂವರೂ ಎಲ್‌ಎಲ್‌ಎಂ ಮುಗಿಸಿ ಪಿಎಚ್‌ಡಿಗೆ ಹೊರಟವರು. ನಾನು ಯಾರಿಗೂ ಗೈಡ್ ಅಲ್ಲ. ಕರಾವಳಿಯ ತಾಲ್ಲೂಕು ಕೋರ್ಟಿನಲ್ಲಿ ವಕೀಲಿ ಮಾಡುತ್ತಲೇ ನಲವತ್ತು ದಾಟಿದ ಮೇಲೆ ಅರೆಕಾಲಿಕ ಪಿಎಚ್‌ಡಿ ಮುಗಿಸಿದವನು ಎಂಬ ಒಂದೇ ಕಾರಣಕ್ಕೆ ‘ಸರ್, ಒಮ್ಮೆ ನೋಡಿ ಕೊಡಿ’ ಎಂದು ಕಳಿಸುತ್ತಾರೆ. ಮೂರರ ಶೀರ್ಷಿಕೆಯೂ ಹೆಚ್ಚುಕಡಿಮೆ ಒಂದೇ: ‘ಭಾರತದಲ್ಲಿ ಉಚಿತ ಕಾನೂನು ನೆರವು: ಒಂದು ವಿಮರ್ಶಾತ್ಮಕ ಅಧ್ಯಯನ’. ಮೊದಲ ಅಧ್ಯಾಯದಲ್ಲಿ ಉಚಿತ ಕಾನೂನು ನೆರವು ಕೊಡಬೇಕೆನ್ನುವ ಸಂವಿಧಾನದ 39ಎ ವಿಧಿ, ಎರಡರಲ್ಲಿ ವಿಚಾರಣಾಧೀನ ಕೈದಿಗಳ ಕುರಿತ 1979ರ ಹುಸೈನಾರಾ ಖಾತೂನ್ ತೀರ್ಪು, ಮೂರರಲ್ಲಿ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, ಕೊನೆಗೆ ‘ಜನರಲ್ಲಿ ಅರಿವು ಮೂಡಿಸಬೇಕು’. ಪರೀಕ್ಷೆಯ ದೊಡ್ಡ ಪ್ರಶ್ನೆಗೆ ಇದು ಒಳ್ಳೆಯ ಉತ್ತರ, ಆದರೆ ಇದರಲ್ಲಿ ಪ್ರಶ್ನೆಯೇ ಇಲ್ಲವಲ್ಲ ಮಾರಾಯ್ರೇ ಎಂದು ಬರೆದು ಕಳಿಸಿದೆ.

ಮೂವರೂ ಎಡವಿದ ಜಾಗ ಒಂದೇ. ಕಾನೂನು ನೆರವು ಬೇರೆ, ಪ್ರೊ ಬೋನೊ ಬೇರೆ. ತಾಲ್ಲೂಕು ಕಾನೂನು ಸೇವಾ ಸಮಿತಿ ನನಗೊಂದು ಕಡತ ಕೊಟ್ಟರೆ ಕಕ್ಷಿದಾರರಿಗೆ ಅದು ಉಚಿತ. ನನಗೆ ಮಾತ್ರ ಸರ್ಕಾರದಿಂದ ಫೀಸು ಬರುತ್ತದೆ; ಕಡಿಮೆ, ತಡವಾಗಿ, ಆದರೂ ಬರುತ್ತದೆ. ಶನಿವಾರ ಸಂಜೆ ಆಫೀಸಿಗೆ ಬಂದ ಅಜ್ಜಿಯೊಬ್ಬರ ಜೀವನಾಂಶದ ಅರ್ಜಿಯನ್ನು ನಾನಾಗಿ ಧರ್ಮಕ್ಕೆ ಬರೆದು ದಾಖಲು ಮಾಡಿದರೆ ಅದು ಪ್ರೊ ಬೋನೊ. ಮೊದಲನೆಯದಕ್ಕೆ ಸಮಿತಿಯ ರಿಜಿಸ್ಟರಿನಲ್ಲಿ ನಂಬರಿದೆ, ಬಿಲ್ಲಿದೆ, ವರ್ಷದ ಕೊನೆಗೆ ಅಂಕಿ ಅಂಶವಿದೆ. ಎರಡನೆಯದಕ್ಕೆ ಏನೂ ಇಲ್ಲ. ಐದು ಲಕ್ಷ ಫೀಸು ತೆಗೆದುಕೊಂಡ ವಕೀಲನ ವಕಾಲತ್‌ನಾಮೆಯೂ ಒಂದು ಕಾಸು ಮುಟ್ಟದವನ ವಕಾಲತ್‌ನಾಮೆಯೂ ನೋಡಲು ಒಂದೇ ಥರ. ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಜಾಲದಲ್ಲಿ ಹುಡುಕಿದರೆ ಕೇಸು ಎಷ್ಟು ವರ್ಷ ಹಳೆಯದು ಎಂಬುದು ಸಿಗುತ್ತದೆ, ವಕೀಲ ಅದನ್ನು ಬಿಟ್ಟಿ ನಡೆಸಿದನೇ ಎಂಬುದು ಸಿಗುವುದಿಲ್ಲ.

ಸಂಶೋಧಕರಿಗೆ ಇದು ತಲೆನೋವು, ಅವಕಾಶವೂ ಇದೇ. ಆಸ್ಟ್ರೇಲಿಯಾದಲ್ಲಿ ವಕೀಲನೊಬ್ಬ ವರ್ಷಕ್ಕೆ 35 ಗಂಟೆ ಉಚಿತ ಕೆಲಸ ಮಾಡಬೇಕೆಂಬ ಸ್ವಯಂಪ್ರೇರಿತ ಗುರಿಯಿದೆ. ಅದಕ್ಕೆ ಸಹಿ ಹಾಕಿದ ಸಂಸ್ಥೆಗಳು ವರ್ಷವರ್ಷ ಲೆಕ್ಕ ಕೊಡುತ್ತವೆ. ಅಮೆರಿಕದ ವಕೀಲರ ಸಂಘದ ಮಾದರಿ ನಿಯಮ ವರ್ಷಕ್ಕೆ 50 ಗಂಟೆ ಎನ್ನುತ್ತದೆ, ನ್ಯೂಯಾರ್ಕ್ ರಾಜ್ಯವಂತೂ ಸನ್ನದು ಪಡೆಯುವ ಮೊದಲೇ 50 ಗಂಟೆ ಮಾಡಿ ತೋರಿಸು ಎನ್ನುತ್ತದೆ. ನಮ್ಮ ಭಾರತೀಯ ವಕೀಲರ ಪರಿಷತ್ತಿನ 46ನೇ ನಿಯಮವೂ ಬಡವರಿಗೂ ದಮನಿತರಿಗೂ ಉಚಿತ ನೆರವು ಕೊಡುವುದನ್ನು ವಕೀಲನ ಅತಿ ದೊಡ್ಡ ಹೊಣೆಗಳಲ್ಲಿ ಒಂದೆಂದು ಹೇಳುತ್ತದೆ. ಭಾಷೆ ಚೆನ್ನಾಗಿದೆ, ಗಂಟೆ ಮಾತ್ರ ಇಲ್ಲ. ‘ವಕೀಲನ ಆರ್ಥಿಕ ಸ್ಥಿತಿಯ ಮಿತಿಯೊಳಗೆ’ ಎಂಬ ಮಾತೂ ಆ ನಿಯಮದಲ್ಲಿದೆ. ನಮ್ಮ ಬಾರ್‌ನ, ಅಂದರೆ ವಕೀಲರ ಸಂಘದ, ಜೂನಿಯರುಗಳು ಮೊದಲ ಮೂರು ವರ್ಷ ಬಸ್ ಚಾರ್ಜಿಗೂ ಮನೆಯವರ ಮುಖ ನೋಡುತ್ತಾರೆ. ಅವರು ಸೀನಿಯರಿಗಾಗಿ ಸಂಬಳವಿಲ್ಲದೆ ದುಡಿಯುವ ಗಂಟೆಗಳನ್ನು ಯಾವ ಖಾತೆಗೆ ಬರೆಯೋಣ? ಈ ಒಂದು ಪ್ರಶ್ನೆಯ ಮೇಲೆ ಮೂರು ಜಿಲ್ಲೆಗಳ ಬಾರ್‌ಗಳಲ್ಲಿ ಕುಳಿತು ಸಂದರ್ಶನ ಮಾಡಿದರೆ ಒಳ್ಳೆಯ ಪ್ರಬಂಧವಾದೀತು.

ಬ್ರೆಜಿಲ್‌ನ ಕಥೆ ಇನ್ನೂ ಸ್ವಾರಸ್ಯದ್ದು. ಅಲ್ಲಿನ ಸಾವ್ ಪಾಲೊ ವಕೀಲರ ಸಂಘ 2002ರಲ್ಲಿ ಪ್ರೊ ಬೋನೊ ಕೆಲಸಕ್ಕೇ ಕಡಿವಾಣ ಹಾಕಿ, ಲಾಭರಹಿತ ಸಂಸ್ಥೆಗಳಿಗೆ ಮಾತ್ರ ಉಚಿತ ಸೇವೆ ಕೊಡಬಹುದು, ಬಡ ವ್ಯಕ್ತಿಗಳಿಗೆ ನೇರವಾಗಿ ಕೊಡುವಂತಿಲ್ಲ ಎಂದಿತು. ಬಿಟ್ಟಿ ಸೇವೆಯ ಹೆಸರಲ್ಲಿ ದೊಡ್ಡವರು ಕಕ್ಷಿದಾರರನ್ನು ಸೆಳೆದುಕೊಳ್ಳುತ್ತಾರೆಂಬ ಭಯ. 2015ರಲ್ಲಿ ಹೊಸ ನೀತಿಸಂಹಿತೆ ಬಂದ ಮೇಲೆ ಆ ತಡೆ ಹೋಯಿತು. ನಮ್ಮಲ್ಲೂ ವಕೀಲರು ಜಾಹೀರಾತು ಕೊಡಬಾರದೆಂಬ 36ನೇ ನಿಯಮ ಇದೆ. ಉಚಿತ ಶಿಬಿರ ನಡೆಸಿದ ವಕೀಲನ ಬಗ್ಗೆ ‘ಗಿರಾಕಿ ಹಿಡಿಯಲು ಹೋಗಿದ್ದಾನೆ’ ಎಂದು ಕೋರ್ಟು ಜಗಲಿಯಲ್ಲಿ ಪಿಸುಗುಡುವುದನ್ನು ನಾನೇ ಕೇಳಿದ್ದೇನೆ. ಈ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿದ ಸಿನಾಪ್ಸಿಸ್ ಈವರೆಗೆ ನನ್ನ ಮೇಜಿಗೆ ಬಂದಿಲ್ಲ.

ಇನ್ನೊಂದು ವಿಷಯ ತಟ್ಟೆಯಲ್ಲಿಟ್ಟು ಕೊಟ್ಟಂತಿದೆ. ಸುಪ್ರೀಂ ಕೋರ್ಟ್ 2017ರಲ್ಲಿ ಇಂದಿರಾ ಜೈಸಿಂಗ್ ಪ್ರಕರಣದಲ್ಲಿ ಹಿರಿಯ ವಕೀಲರ ಪದನಾಮಕ್ಕೆ 100 ಅಂಕಗಳ ಪದ್ಧತಿ ತಂದಿತು. ನಡೆಸಿದ ಪ್ರಕರಣಗಳು, ವಿಷಯ ಪರಿಣತಿ ಇವುಗಳ ಜೊತೆಗೆ ಪ್ರೊ ಬೋನೊ ಕೆಲಸವನ್ನೂ ಸೇರಿಸಿ 40 ಅಂಕ ಇಟ್ಟಿತು. 2025ರಲ್ಲಿ ಅಂಕ ಪದ್ಧತಿಯನ್ನೇ ಕೈಬಿಟ್ಟಿತು. ಆ ಎಂಟು ವರ್ಷಗಳಲ್ಲಿ ಅರ್ಜಿ ಹಾಕಿದ ವಕೀಲರು ಪ್ರೊ ಬೋನೊ ಎಂದು ಏನನ್ನು ತೋರಿಸಿಕೊಂಡರು? ಅಂಕಕ್ಕಾಗಿಯೇ ಮಾಡಿದ ಉಚಿತ ಕೆಲಸ ಅಂಕ ಹೋದ ಮೇಲೆ ನಿಂತಿತೇ? ಶುರುವೂ ಕೊನೆಯೂ ಗೊತ್ತಿರುವ ಇಂಥ ಅವಧಿ ಸಂಶೋಧಕರಿಗೆ ಸುಲಭಕ್ಕೆ ಸಿಗುವುದಿಲ್ಲ.

ಕ್ರಿಮಿನಲ್ ಬದಿಯಲ್ಲೂ ಇಂಥದೇ ಒಂದು ಗಡಿರೇಖೆ ಇದೆ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2022ರಲ್ಲಿ ಆರೋಪಿಗಳ ಪರ ವಾದಿಸಲು ಕಾನೂನು ನೆರವು ಅಭಿರಕ್ಷಕರ ವ್ಯವಸ್ಥೆ ತಂದಿತು. ಮೊದಲು ಕಾನೂನು ನೆರವಿನ ಪಟ್ಟಿಯಲ್ಲಿರುವ ಪ್ಯಾನೆಲ್ ವಕೀಲನಿಗೆ ಕೇಸು ಕೇಸಿಗೆ ಫೀಸು. ಅವನು ತನ್ನ ಖಾಸಗಿ ಕೇಸುಗಳ ನಡುವೆ ಬಿಡುವು ಮಾಡಿಕೊಂಡು ಜೈಲಿನವರ ಕೇಸು ನೋಡುತ್ತಿದ್ದ. ಈಗ ಮುಖ್ಯ, ಉಪ, ಸಹಾಯಕ ಎಂಬ ಮೂರು ಹಂತದ ಪೂರ್ಣಾವಧಿ ವಕೀಲರಿದ್ದಾರೆ, ಅವರು ಖಾಸಗಿ ವಕೀಲಿ ಮಾಡುವಂತಿಲ್ಲ. ಒಂದೇ ಜಿಲ್ಲೆ, ಅದೇ ಕೋರ್ಟು, ಅದೇ ಜೈಲು. ಬದಲಾದದ್ದು ವಕೀಲನಿಗೆ ದುಡ್ಡು ಬರುವ ದಾರಿ ಒಂದೇ. ಜಾಮೀನು ಅರ್ಜಿ ಎಷ್ಟನೇ ದಿನಕ್ಕೆ ಬಿತ್ತು, ಪಾಟಿ ಸವಾಲಿನಲ್ಲಿ ಎಷ್ಟು ಸಾಕ್ಷಿಗಳನ್ನು ‘ಪ್ರಶ್ನೆ ಇಲ್ಲ’ ಎಂದು ಬಿಟ್ಟರು, ಶಿಕ್ಷೆಯ ನಂತರ ಮೇಲ್ಮನವಿ ಹೋಯಿತೇ ಇಲ್ಲವೇ, ಇವಿಷ್ಟನ್ನು ಮೊದಲಿನ ಎರಡು ವರ್ಷ ಮತ್ತು ನಂತರದ ಎರಡು ವರ್ಷದ ಕಡತಗಳಲ್ಲಿ ಎಣಿಸಬೇಕು. ಎಣಿಸುವ ಕೆಲಸ ಬೇಸರದ್ದು, ನಿಜ. ಧೂಳಿಗೆ ಸೀನು ಬರುತ್ತದೆ, ಬೆಂಚ್ ಕ್ಲರ್ಕ್ ಮುಖ ಸಿಂಡರಿಸುತ್ತಾರೆ. ಆದರೆ 39ಎ ವಿಧಿಯ ಬಗ್ಗೆ ಇನ್ನೊಂದು ಅಧ್ಯಾಯ ಬರೆಯುವುದಕ್ಕಿಂತ ಇದು ಮೇಲು.

‘ಜಾಗತಿಕ ಅಡ್ವೊಕೆಸಿ’ (ಅಂತರರಾಷ್ಟ್ರೀಯ ವೇದಿಕೆಗಳಲ್ಲಿ ಜನರ ಪರ ವಾದಿಸುವುದು) ಎಂಬ ಮಾತು ಕೇಳಿದ ಕೂಡಲೇ ನಮ್ಮ ಹುಡುಗ ಹುಡುಗಿಯರಿಗೆ ಜಿನೀವಾದ ವಿಶ್ವಸಂಸ್ಥೆಯ ಸಭಾಂಗಣ ಕಾಣುತ್ತದೆ. ನನಗೆ ಕಾಣುವುದು ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆ. ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಊರುಗಳಿವು. ಗಡಿಯಾಚೆ ಕಾಸರಗೋಡಿನದೂ ಇದೇ ಪಾಡು, ಅಲ್ಲಿ ಸಿಂಪರಣೆ ಎರಡು ದಶಕಕ್ಕೂ ಹೆಚ್ಚು ನಡೆದು 2000ದ ಹೊತ್ತಿಗೆ ನಿಂತಿತು. ಅಂಗವೈಕಲ್ಯದ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡ ತಾಯಂದಿರು ತುಳುವಿನಲ್ಲಿ, ಮಲಯಾಳದಲ್ಲಿ, ಕನ್ನಡದಲ್ಲಿ ಹೇಳಿದ ಮಾತುಗಳು ಅರ್ಜಿಗಳಾದವು, ವೈದ್ಯರ ವರದಿಗಳಾದವು, ಇಂಗ್ಲಿಷಿಗೆ ಹೋದವು. ಬೇಗ ಕರಗದ ವಿಷ ರಾಸಾಯನಿಕಗಳ ಕುರಿತ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪರಿಶೀಲನಾ ಸಮಿತಿಯಲ್ಲಿ ಭಾರತ ಸರ್ಕಾರ ಈ ಕೀಟನಾಶಕದ ನಿಷೇಧಕ್ಕೆ ಅಡ್ಡ ನಿಂತಿತ್ತು. ಕೊನೆಗೆ 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಕೆಲವು ವಿನಾಯಿತಿಗಳೊಂದಿಗೆ ಎಂಡೋಸಲ್ಫಾನ್ ನಿಷೇಧದ ಪಟ್ಟಿಗೆ ಸೇರಿತು. ಅದಾಗಿ ತಿಂಗಳೂ ತುಂಬುವ ಮೊದಲು, ಮೇ 13ರಂದು, ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶದಲ್ಲಿ ಅದರ ಉತ್ಪಾದನೆ, ಮಾರಾಟ, ಬಳಕೆಗೆ ತಡೆ ಹಾಕಿತು.

ಈ ದಿನಾಂಕಗಳು ಎಲ್ಲರಿಗೂ ಗೊತ್ತು. ಯಾರೂ ಸರಿಯಾಗಿ ಬರೆದಿಡದೇ ಇರುವುದು ನಡುವಿನ ಕೆಲಸ. ಕೊಕ್ಕಡದ ಮನೆಯ ಜಗಲಿಯಲ್ಲಿ ತುಳುವಿನಲ್ಲಿ ಹೇಳಿದ ಮಾತು ಜಿನೀವಾದ ಮೇಜಿನ ಮೇಲೆ ಇಂಗ್ಲಿಷ್ ಕಾಗದವಾಗುವವರೆಗೆ ಎಷ್ಟು ಕೈ ದಾಟಿತು? ಅದರಲ್ಲಿ ಫೀಸಿಲ್ಲದೆ ಕುಳಿತು ಅಫಿಡವಿಟ್ ಬರೆದ ವಕೀಲರು ಯಾರು, ಅವರ ಮನೆ ನಡೆದದ್ದು ಹೇಗೆ? ‘ನನ್ನ ನಂತರ ಈ ಮಗುವನ್ನು ನೋಡುವವರು ಯಾರು’ ಎಂಬ ತಾಯಿಯ ಪ್ರಶ್ನೆ ಯಾವ ಹಂತದಲ್ಲಿ ಉದುರಿಹೋಗಿ ‘ರಾಸಾಯನಿಕದ ನಿಯಂತ್ರಣ’ ಎಂಬ ಪ್ರಶ್ನೆಯಾಯಿತು? ನಿಷೇಧ ಗೆದ್ದಿತು. ಪುನರ್ವಸತಿಗೆ ಮಾತ್ರ ಜನ ಇನ್ನೂ ಕಚೇರಿ ಅಲೆಯುತ್ತಿದ್ದಾರೆ. ಜಾಗತಿಕ ಗೆಲುವೂ ಸ್ಥಳೀಯ ಸೋಲೂ ಒಂದೇ ಕಡತದಲ್ಲಿ ಇರಬಹುದು ಎಂಬುದನ್ನು ತೋರಿಸುವ ಪ್ರಬಂಧ ದಕ್ಷಿಣ ಕನ್ನಡದ ಭಾಷೆಗಳು ಬರುವವರಿಂದಲೇ ಆಗಬೇಕು, ಇಂಗ್ಲಿಷ್ ಕಾಗದ ಮಾತ್ರ ಓದಬಲ್ಲವರಿಂದ ಆಗುವುದಿಲ್ಲ.

ವಿಶ್ವಸಂಸ್ಥೆಯ ಬಾಗಿಲು ಎಷ್ಟು ಕಿರಿದು ಎಂಬುದನ್ನೂ ಗಮನಿಸಬೇಕು. ಮಾನವ ಹಕ್ಕುಗಳ ಮಂಡಳಿ ಎಲ್ಲ ದೇಶಗಳ ಮಾನವ ಹಕ್ಕು ಸ್ಥಿತಿಯ ಸರದಿ ವಿಮರ್ಶೆ ನಡೆಸುತ್ತದೆ. ಭಾರತದ ಸರದಿ 2008, 2012, 2017, 2022ರಲ್ಲಿ ಬಂತು. ಸ್ವಯಂಸೇವಾ ಸಂಸ್ಥೆಗಳೂ ಲಿಖಿತ ಹೇಳಿಕೆ ಕೊಡಬಹುದು: ಒಂದೇ ಸಂಸ್ಥೆಯಾದರೆ 2,815 ಪದ, ಹಲವು ಸಂಸ್ಥೆಗಳು ಕೂಡಿದರೆ 5,630. ಒಂದು ಜಿಲ್ಲೆಯ ಜೀತದ ಕಥೆಯನ್ನು ಅಷ್ಟರೊಳಗೆ ಮಡಚಲು ವಕೀಲನೇ ಬೇಕಾಗುತ್ತಾನೆ, ಮಡಚುವಾಗ ಏನನ್ನು ಬಿಡಬೇಕೆಂದು ನಿರ್ಧರಿಸುವವನೂ ಅವನೇ. ಇದಕ್ಕೆ ಹಣ ಬರುವ ದಾರಿ ಇನ್ನೊಂದು ವಿಷಯ. ವಿದೇಶಿ ವಂತಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾದ ಮೇಲೆ ದೊಡ್ಡ ಸಂಸ್ಥೆಯೊಂದು ತನಗೆ ಬಂದ ವಿದೇಶಿ ಹಣವನ್ನು ಹಳ್ಳಿಯ ಸಣ್ಣ ಸಂಸ್ಥೆಗೆ ಹಂಚುವಂತಿಲ್ಲ. ದಿಲ್ಲಿಯವರಿಗೂ ತಾಲ್ಲೂಕಿನವರಿಗೂ ಇದ್ದ ಕೊಂಡಿ ಇದರಿಂದ ಹೇಗೆ ಬದಲಾಯಿತು ಎಂಬುದೂ ಅಳೆಯಬಹುದಾದದ್ದೇ.

ಈಗ ವ್ಯವಹಾರದ ಮಾತು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಾವಳಿಯಂತೆ ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮಹಿಳೆಯರಿಗೆ ಹೆಚ್ಚುವರಿ ಸಡಿಲಿಕೆ ಇದೆ. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಅರೆಕಾಲಿಕ ಪಿಎಚ್‌ಡಿಗೂ ಅವಕಾಶವಿದೆ, ನನ್ನಂಥ ಕೋರ್ಟು ಬಿಡಲಾರದವರಿಗೆ ಅದೇ ದಾರಿ. ಪ್ರಾಧ್ಯಾಪಕರು ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಮಂದಿಯನ್ನು ಮಾತ್ರ ತೆಗೆದುಕೊಳ್ಳಬಹುದಾದ್ದರಿಂದ ಸೀಟಿಗಿಂತ ಮೊದಲು ಗೈಡ್ ಹುಡುಕಿ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ, ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಎರಡರಲ್ಲೂ ಪಿಎಚ್‌ಡಿ ಇದೆ. ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕಿದರೆ 2023ರಲ್ಲಿ ಏರಿಸಿದ ದರದಂತೆ ತಿಂಗಳಿಗೆ 37,000 ರೂಪಾಯಿ. ಆದರೆ ಪೂರ್ಣಾವಧಿ ಫೆಲೋಶಿಪ್ ತೆಗೆದುಕೊಂಡು ವಕೀಲಿಯನ್ನೂ ಮುಂದುವರಿಸಬಹುದೇ ಎಂಬುದನ್ನು ರಾಜ್ಯ ವಕೀಲರ ಪರಿಷತ್ತಿನಿಂದ ಬರಹದಲ್ಲೇ ಪಡೆಯಿರಿ, ಗೆಳೆಯರ ಬಾಯಿಮಾತು ನಂಬಬೇಡಿ.

ಹೊರದೇಶಕ್ಕೆ ಹೋಗಲೇಬೇಕೆಂದಿಲ್ಲ. ಇಲ್ಲಿ ನೋಂದಾಯಿಸಿಕೊಂಡೇ ಫುಲ್‌ಬ್ರೈಟ್-ನೆಹರೂ ಡಾಕ್ಟರಲ್ ಫೆಲೋಶಿಪ್‌ನಲ್ಲಿ ಆರರಿಂದ ಒಂಬತ್ತು ತಿಂಗಳು ಅಮೆರಿಕದಲ್ಲಿದ್ದು ಬರಬಹುದು. ತುಲನಾತ್ಮಕ ಅಧ್ಯಾಯಕ್ಕೆ ಅಷ್ಟು ಸಾಕು. ಪೂರ್ತಿ ಅಲ್ಲೇ ಓದುವವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯಗಳು, ಭೂರಹಿತ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಮೀಸಲಾದದ್ದು. ಅದರಲ್ಲೊಂದು ಮುಳ್ಳಿದೆ: 2022ರಿಂದ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಹಾಗೂ ಭಾರತವನ್ನೇ ಆಧರಿಸಿದ ಸಾಮಾಜಿಕ ಅಧ್ಯಯನಕ್ಕೆ ಈ ಹಣ ಸಿಗುವುದಿಲ್ಲ. ಜೀತದ ಮನೆಯಿಂದ ಬಂದ ಹುಡುಗ ಜೀತದ ಕಾನೂನಿನ ಬಗ್ಗೆ ಲಂಡನ್ನಿನಲ್ಲಿ ಬರೆಯಬೇಕೆಂದರೆ ವಿಷಯವನ್ನು ಬೇರೆ ದೇಶಗಳತ್ತ ತಿರುಗಿಸಿ ಹೆಣೆಯಬೇಕು. ಇದು ನನಗೆ ಅನ್ಯಾಯವಾಗಿ ಕಾಣುತ್ತದೆ. ಅರ್ಜಿ ಹಾಕುವವರು ಮಾತ್ರ ನಿಯಮ ಓದಿಕೊಂಡೇ ಶೀರ್ಷಿಕೆ ಇಡಬೇಕು.

ವಕೀಲರೇ ಸಂಶೋಧಕರಾದಾಗ ಎದುರಾಗುವ ಒಂದು ಅಪಾಯ ನನಗೇ ಪಾಠ ಕಲಿಸಿದೆ. ವಿಚಾರ ಸಂಕಿರಣವೊಂದರಲ್ಲಿ ನನ್ನ ಹಳೆಯ ಕೇಸೊಂದನ್ನು ಹೆಸರು ಬದಲಿಸಿ ವಿವರಿಸಿದ್ದೆ. ಊರು, ಕಸುಬು, ಜಗಳದ ಕಾರಣ ಇದ್ದ ಹಾಗೇ ಇತ್ತು. ಪ್ರಬಂಧ ಅಚ್ಚಾದ ಮೇಲೆ ಕಕ್ಷಿದಾರರ ಮಗ ಅದನ್ನು ಓದಿ ನೇರ ಆಫೀಸಿಗೆ ಬಂದ. ಬಯ್ಯಲಿಲ್ಲ. ‘ಅಮ್ಮ ನಿಮ್ಮ ಹತ್ತಿರ ಅತ್ತದ್ದನ್ನೂ ಬರೆದಿದ್ದೀರಿ’ ಎಂದಷ್ಟೇ ಹೇಳಿ ಹೋದ. ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಪ್ರಕಾರ ಕಕ್ಷಿದಾರ ವೃತ್ತಿಯ ಸಂಬಂಧದಲ್ಲಿ ಹೇಳಿದ್ದನ್ನು ಅವನ ಒಪ್ಪಿಗೆ ಇಲ್ಲದೆ ವಕೀಲ ಹೊರಗೆಡಹುವಂತಿಲ್ಲ. ಫೀಸು ಕೊಡದವರ ಗುಟ್ಟಿಗೆ ಬೆಲೆ ಕಡಿಮೆ ಎಂದು ಆ ಕಲಂ ಎಲ್ಲೂ ಹೇಳಿಲ್ಲ. ಅಂದಿನಿಂದ ಸ್ವಂತ ಕಡತ ಮುಟ್ಟಿಲ್ಲ, ನನ್ನ ಪಿಎಚ್‌ಡಿ ಪ್ರಬಂಧಕ್ಕೆ ಪಕ್ಕದ ಜಿಲ್ಲೆಗೆ ಹೋದೆ.

ಆ ಮೂವರಲ್ಲಿ ಒಬ್ಬಳು ಹೋದ ವಾರ ಮತ್ತೆ ಬಂದಿದ್ದಳು. ನಲವತ್ತು ಪುಟ ಹೋಗಿ ಒಂದೂವರೆ ಪುಟ ಉಳಿದಿತ್ತು. ಜಾಮೀನು ಮಂಜೂರಾದ ಏಳು ದಿನದೊಳಗೆ ಕೈದಿ ಹೊರಬರದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆಯಲ್ಲ, ಆ ಎಂಟನೇ ದಿನ ನಿಜಕ್ಕೂ ಏನಾಗುತ್ತದೆ ಎಂಬುದು ಅವಳ ಪ್ರಶ್ನೆ. ಎರಡು ಜೈಲು, ಒಂದು ವರ್ಷದ ಪತ್ರಗಳು. ‘ಸರ್, ಇದು ತೀರಾ ಸಣ್ಣದಾಯ್ತಾ?’ ಎಂದಳು. ಕಾಗದ ತೆಗೆದು ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಕೂರಿಸಿದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ನನ್ನ ಡ್ರಾಯರಿನಲ್ಲೇ ಇತ್ತು.