ಡಿವಿಜಿ ಯಾರ ಕಡೆಯವರು?

ನಮ್ಮ ಕೋಲಾರದ ಕಡೆ ‘ಮಂಕುತಿಮ್ಮನ ಕಗ್ಗ’ದ ಸಾಲು ಎಲ್ಲೆಲ್ಲೂ ಸಿಗುತ್ತದೆ. ಶಾಲೆಯ ಗೋಡೆ, ಮದುವೆಯ ಕರೆಯೋಲೆ, ಬೆಳಗಾದರೆ ಫೋನಿಗೆ ಬರುವ ಶುಭೋದಯ. ಆದರೆ ಅದನ್ನು ಬರೆದ ಡಿ.ವಿ. ಗುಂಡಪ್ಪನವರು ಏನನ್ನು ನಂಬಿದ್ದರು ಅಂತ ಕೇಳಿ ನೋಡಿ. ಒಬ್ಬರು ಅಪ್ಪಟ ವೇದಾಂತಿ ಅನ್ನುತ್ತಾರೆ. ಇನ್ನೊಬ್ಬರು, ಎಲ್ಲ ವಿಧಿ, ಸುಮ್ನೆ ತಲೆಬಾಗು ಅಂದವರು ಅನ್ನುತ್ತಾರೆ. ಮತ್ತೊಬ್ಬರಿಗೆ ಅವರು ದೇವರನ್ನೂ ಪ್ರಶ್ನೆ ಕೇಳಿದವರು. ಮೂವರ ಕೈಯಲ್ಲೂ ಒಂದೊಂದು ಪದ್ಯ ಇರುತ್ತದೆ.

ಅವರು ಹುಟ್ಟಿದ್ದು 1887ರಲ್ಲಿ, ಮುಳಬಾಗಿಲಿನಲ್ಲಿ. ಪಕ್ಕದ ನರಸಿಂಹತೀರ್ಥದಲ್ಲಿ ದ್ವೈತಿಗಳಾದ ಶ್ರೀಪಾದರಾಜರ ಬೃಂದಾವನ. ಊರಲ್ಲಿ ಆಂಜನೇಯನ ಗುಡಿ, ಹೈದರ್ ವಲಿ ದರ್ಗಾ. ಬೇರೆ ಬೇರೆ ಉತ್ತರಗಳ ನಡುವೆ ಬೆಳೆಯೋದು ಈ ಊರಿನವರಿಗೆ ಹೊಸದೇನಲ್ಲ. ಹುಡುಗ ಮೆಟ್ರಿಕ್ ಪಾಸಾಗಲಿಲ್ಲ. ಕೆಜಿಎಫ್‌ನಲ್ಲಿ ಸೋಡಾ ಕಾರ್ಖಾನೆ, ಬೆಂಗಳೂರಲ್ಲಿ ಜಟಕಾಗಳಿಗೆ ಬಣ್ಣ ಬಳಿಯುವ ಕೆಲಸ, ಆಮೇಲೆ ಪತ್ರಿಕೆ. ಓದೆಲ್ಲ ಕಾಲೇಜಿನ ಹೊರಗೇ. 1932ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದಾಗಲೂ ಅವರ ಹತ್ತಿರ ಡಿಗ್ರಿ ಇರಲಿಲ್ಲ.

ಆ ಮೂವರ ಜಗಳಕ್ಕೆ ಬೀಜ ಬಿದ್ದದ್ದು ಆ ಕಾಲದಲ್ಲೇ. 1930ರ ದಶಕದ ಆರಂಭದ ಹೊತ್ತಿಗೆ ಅವರು ಪರ್ಷಿಯದ ಉಮರ್ ಖಯ್ಯಾಮನನ್ನು ಕನ್ನಡಕ್ಕೆ ತಂದಿದ್ದರು. ಎಲ್ಲಿಂದ ಬಂದೆವೋ ಎಲ್ಲಿಗೆ ಹೋಗುತ್ತೇವೋ ಗೊತ್ತಿಲ್ಲ, ಇವತ್ತಿನ ಬಟ್ಟಲು ಇವತ್ತೇ ಕುಡಿ ಅನ್ನುವ ಕವಿ ಅವನು. ಇದೇ ಡಿವಿಜಿಗೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಭಗವದ್ಗೀತೆಯ ಮೇಲಿನ ಪುಸ್ತಕಕ್ಕೆ. ಈ ಎರಡರ ನಡುವೆ, 1943ರಲ್ಲಿ, ‘ಮಂಕುತಿಮ್ಮನ ಕಗ್ಗ’ ಬಂತು.

ಕಗ್ಗದ ಮೊದಲ ಪದ್ಯವನ್ನು ನಿಧಾನಕ್ಕೆ ಓದಿದರೆ ಮೈ ಜುಮ್ಮೆನ್ನುತ್ತದೆ. ವಿಷ್ಣು, ದೇವ, ಪರಬೊಮ್ಮ ಅಂತ ಹೆಸರುಗಳು ಸಾಲಾಗಿ ಬರುತ್ತವೆ. ಆದರೆ ಕೈ ಮುಗಿಯುವ ಹೊತ್ತಿಗೆ ಆ ಯಾವ ಹೆಸರೂ ಇಲ್ಲ. ಜನ ಕಾಣದೇ ಹೋದರೂ ಪ್ರೀತಿಯಿಂದ ನಂಬಿಕೊಂಡಿರುವ ‘ಆ ವಿಚಿತ್ರಕೆ’ ನಮಿಸು ಅನ್ನುತ್ತಾರೆ. ವಿಚಿತ್ರ! ಆಸ್ತಿಕರೂ ಹಾಗನ್ನುವುದಿಲ್ಲ, ನಾಸ್ತಿಕರೂ ಅನ್ನುವುದಿಲ್ಲ. ನಾಲ್ಕನೇ ಪದ್ಯ ಪೂರ್ತಿ ಪ್ರಶ್ನೆಗಳೇ. ಜೀವನಕ್ಕೆ ಏನರ್ಥ, ಪ್ರಪಂಚಕ್ಕೆ ಏನರ್ಥ, ಎರಡಕ್ಕೂ ಏನು ಸಂಬಂಧ? ಇದನ್ನೆಲ್ಲ ಅವರು ನಮ್ಮನ್ನು ಕೂರಿಸಿಕೊಂಡು ಕೇಳುತ್ತಿಲ್ಲ, ಪದ್ಯದ ಕೊನೆಗೆ ಕರೆಯುವ ಮಂಕುತಿಮ್ಮನನ್ನು ಕೇಳುತ್ತಿದ್ದಾರೆ. ಆ ತಿಮ್ಮ ಅವರೊಳಗೇ ಇರುವ ಮಂಕ, ಅಲ್ವಾ?

ಕನ್ನಡ ಸಾಹಿತ್ಯದಲ್ಲಿ ನವೋದಯ ಹೋಗಿ ನವ್ಯ ಬಂತು, ದಲಿತ-ಬಂಡಾಯ ಬಂತು, ಒಂದೊಂದು ಕಾಲವೂ ತನ್ನ ಅಳತೆಗೋಲಿನಲ್ಲಿ ಕಗ್ಗವನ್ನು ಅಳೆಯಿತು. ಹಸಿದವನಿಗೆ ಸಮಾಧಾನ ಹೇಳಿದರೆ ಸಾಕಾ ಅನ್ನುವ ಪ್ರಶ್ನೆ ನ್ಯಾಯವಾದದ್ದೇ. ಗೀತೆಯ ಪಕ್ಕದಲ್ಲಿಟ್ಟು ಓದುವವರ ಭಕ್ತಿಯೂ ಸುಳ್ಳಲ್ಲ. ತೊಂದರೆ ಆಗಿದ್ದು ಬಿಡಿಬಿಡಿಯಾಗಿ ಓದುವುದರಿಂದ. 945 ಪದ್ಯಗಳಲ್ಲಿ ನಮಗೆ ಬೇಕಾದ 10 ಆರಿಸಿಕೊಂಡರೆ ಎಂಥ ಡಿವಿಜಿಯನ್ನಾದರೂ ಮಾಡಿಕೊಳ್ಳಬಹುದು. ಬೆಟ್ಟದಡಿಯ ಹುಲ್ಲಾಗು ಅನ್ನುವ ಪದ್ಯ ಎಲ್ಲರ ಬಾಯಲ್ಲಿದೆ. ಸಂಶಯದ ಪದ್ಯಗಳನ್ನು ಯಾರೂ ಗೋಡೆಗೆ ಬರೆಸುವುದಿಲ್ಲ.

ಕೊನೆಯ ಪದ್ಯದಲ್ಲಿ ಅವರು ಶರಣಾಗುತ್ತಾರೆ ನಿಜ. ವಿಶ್ವಾತ್ಮಕ್ಕೂ ಶರಣು ಅನ್ನುತ್ತಾರೆ. ಆದರೆ ಆ ಪದ್ಯದಲ್ಲಿ ಎಲ್ಲಕ್ಕಿಂತ ಮೊದಲು ಶರಣು ಹೋಗು ಅಂದದ್ದು ‘ಜೀವನರಹಸ್ಯ’ಕ್ಕೆ. ಇಷ್ಟೆಲ್ಲ ಪದ್ಯ ಬರೆದ ಮೇಲೂ ಅವರಿಗೆ ಅದು ರಹಸ್ಯವೇ ಆಗಿತ್ತು.