ಅಮ್ಮನ ಕೆಮ್ಮು ಮತ್ತು ಬ್ರೆಜಿಲ್‌ನ ಹಾವು

ಬಿಪಿ ಮಾತ್ರೆ ಶುರುವಾದ ಮೂರನೇ ವಾರಕ್ಕೆ ಅಮ್ಮನಿಗೆ ಒಣಕೆಮ್ಮು ಹತ್ತಿತು. ಮಲ್ಲೇಶ್ವರದ ನಮ್ಮ ಮನೆ ಮುಂದೆ ಆಗ ರಸ್ತೆ ಅಗೆದಿದ್ದರು. ಧೂಳಿನದ್ದೇ ಕೆಲಸ ಅಂದುಕೊಂಡೆವು. ಕಷಾಯ, ಜೇನುತುಪ್ಪ ಎಲ್ಲ ಆಯಿತು. ಕೊನೆಗೆ ಡಾಕ್ಟರು ಚೀಟಿ ನೋಡಿ, "ಎನಲಾಪ್ರಿಲ್ ತಗೋತಿದ್ದೀರಲ್ಲ, ಅದರದ್ದೇ ಕೆಮ್ಮು" ಅಂತ ಮಾತ್ರೆ ಬದಲಿಸಿದರು. ಕೆಮ್ಮು ನಿಂತಿತು.

ಬಿಪಿ ಮಾತ್ರೆಗೂ ಗಂಟಲಿಗೂ ಏನು ಸಂಬಂಧ? ಹುಡುಕುತ್ತಾ ಹೋದರೆ ಔಷಧ ವಿನ್ಯಾಸದ ಚರಿತ್ರೆಯೇ ಸಿಕ್ಕಿತು.

ನಮ್ಮಲ್ಲಿ ಬಿಪಿಗೆ ಮೊದಲು ಇದ್ದದ್ದು ಸರ್ಪಗಂಧದ ಬೇರು. ಅದರಿಂದ 1952ರಲ್ಲಿ ಸ್ವಿಟ್ಜರ್ಲೆಂಡ್‌ನ ಸೀಬಾ ಕಂಪನಿಯವರು ರೆಸರ್ಪಿನ್ ಬೇರ್ಪಡಿಸಿದರು. ಬಿಪಿ ಇಳಿಯಿತು, ಆದರೆ ಕೆಲವರಿಗೆ ಮನಸ್ಸು ಮಂಕಾಯಿತು. ಗಿಡ ರಾಸಾಯನಿಕ ಮಾಡಿಕೊಳ್ಳುವುದು ತನಗೋಸ್ಕರ, ನಮಗೋಸ್ಕರ ಅಲ್ಲ, ಅಲ್ವಾ?

ಮುಂದಿನ ಸುಳಿವು ಕೊಟ್ಟಿದ್ದು ಜರರಾಕ ಅನ್ನುವ ಬ್ರೆಜಿಲ್‌ನ ವಿಷದ ಹಾವು. ಅದರ ವಿಷದಲ್ಲಿದ್ದ ಪೆಪ್ಟೈಡ್‌ಗಳ, ಅಂದರೆ ಪ್ರೋಟೀನಿನಂಥ ಚಿಕ್ಕ ಸರಪಳಿಗಳ ಬಗ್ಗೆ ಸೆರ್ಜಿಯೋ ಫೆರೇರಾ 1965ರಲ್ಲಿ ಬರೆದರು. ಅವು ನಮ್ಮ ಮೈಯಲ್ಲಿರುವ 'ಏಸ್' ಅನ್ನುವ ಕಿಣ್ವವನ್ನು ತಡೆಯುತ್ತವೆ ಅಂತ ಆಮೇಲೆ ಗೊತ್ತಾಯಿತು. ರಕ್ತನಾಳ ಬಿಗಿಯುವ ಆಂಜಿಯೋಟೆನ್ಸಿನ್ ತಯಾರಾಗುವುದು ಈ ಕಿಣ್ವದಿಂದ. ಹಾಗಾದರೆ ಪೆಪ್ಟೈಡನ್ನೇ ಮಾತ್ರೆ ಮಾಡಬಹುದಲ್ಲ? ಆಗಲ್ಲ. ಹೊಟ್ಟೆ ಅದನ್ನು ಬೇಳೆಯ ಪ್ರೋಟೀನಿನ ಹಾಗೆ ಅರಗಿಸಿಬಿಡುತ್ತದೆ. ಇಂಜೆಕ್ಷನ್ನೇ ಗತಿ.

ಇಲ್ಲಿಂದ ಮುಂದಿನದ್ದು ನನಗೆ ತುಂಬಾ ಇಷ್ಟವಾದ ಭಾಗ. ಅಮೆರಿಕದ ಸ್ಕ್ವಿಬ್ ಕಂಪನಿಯ ಮಿಗೆಲ್ ಒಂಡೆಟ್ಟಿ ಮತ್ತು ಡೇವಿಡ್ ಕುಶ್ಮನ್ ಏಸ್‌ನ ಆಕಾರ ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ. ಆದರೆ ಅದೇ ತರಹ ಕೆಲಸ ಮಾಡುವ ಇನ್ನೊಂದು ಕಿಣ್ವದ ಆಕಾರ ಗೊತ್ತಿತ್ತು. ಎರಡರ ಒಳಗೂ ಒಂದೊಂದು ಸತುವಿನ ಅಯಾನು. ಅದನ್ನೇ ನಂಬಿ, ಅಳತೆ ಬಟ್ಟೆ ನೋಡಿ ಹೊಲಿಯುವ ದರ್ಜಿಯ ಹಾಗೆ ಅಂದಾಜಿನಲ್ಲಿ ಅಣು ಹೊಲಿದರು. ಮೊದಲನೆಯದು ಸಡಿಲ. ಒಂದು ಮೀಥೈಲ್ ಗುಂಪು ಸೇರಿಸಿದರು, ಸ್ವಲ್ಪ ಬಿಗಿಯಾಯಿತು. ಸತುವನ್ನು ಹಿಡಿಯುವ ತುದಿಯಲ್ಲಿ ಕಾರ್ಬಾಕ್ಸಿಲ್ ತೆಗೆದು ಗಂಧಕದ ಗುಂಪು ಇಟ್ಟರು. ಬಲ ಸುಮಾರು ಸಾವಿರ ಪಟ್ಟು ಏರಿತು! 1975ರಲ್ಲಿ ಸಿದ್ಧವಾದ ಆ ಅಣುವೇ ಕ್ಯಾಪ್ಟೋಪ್ರಿಲ್. 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಆಕಾರದ ಮಾತು ಬಂತು ಅಂದರೆ ಬೆಂಗಳೂರಿನ ಹೆಸರೂ ಬರಬೇಕು. ಪ್ರೋಟೀನಿನ ಸರಪಳಿ ಎಲ್ಲೆಲ್ಲಿ ಹೇಗೆ ಬಾಗಬಹುದು ಅನ್ನುವ ನಕ್ಷೆಯನ್ನು ಜಿ.ಎನ್. ರಾಮಚಂದ್ರನ್ 1963ರಲ್ಲಿ ಮದ್ರಾಸಿನಲ್ಲಿದ್ದಾಗ ಕೊಟ್ಟರು. 1970ರ ದಶಕದ ಆರಂಭದಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಐಐಎಸ್‌ಸಿಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಪ್ರಪಂಚದಲ್ಲಿ ಎಲ್ಲೇ ಪ್ರೋಟೀನಿನ ಆಕಾರ ಬಿಡಿಸಿದರೂ ಅದು ಸರಿಯಿದೆಯಾ ಅಂತ ಇವತ್ತಿಗೂ ಆ ನಕ್ಷೆ ಇಟ್ಟು ನೋಡುತ್ತಾರೆ.

ಕ್ಯಾಪ್ಟೋಪ್ರಿಲ್‌ನಲ್ಲೂ ತೊಡಕಿತ್ತು. ಕೆಲವರಿಗೆ ಮೈಮೇಲೆ ಗಂಧೆ, ನಾಲಿಗೆಗೆ ರುಚಿಯಿಲ್ಲ. ಅನುಮಾನ ಗಂಧಕದ ಮೇಲೆ. ಮರ್ಕ್ ಕಂಪನಿಯವರು ಗಂಧಕವಿಲ್ಲದ ಅಣು ಮಾಡಿದರು. ಅದಕ್ಕೆ ಬಲವಿತ್ತು, ಆದರೆ ಕರುಳು ಅದನ್ನು ಸರಿಯಾಗಿ ಹೀರುತ್ತಿರಲಿಲ್ಲ. ಅದರ ತಲೆಗೆ ಎಸ್ಟರ್ ಟೋಪಿ ಹಾಕಿ ಒಳಗೆ ಕಳಿಸಿದರು. ಟೋಪಿ ಕಳಚುವುದು ಯಕೃತ್ತಿನ ಕೆಲಸ. ಅದೇ ಎನಲಾಪ್ರಿಲ್.

ಇನ್ನು ಕೆಮ್ಮು. ಏಸ್‌ಗೆ ಇನ್ನೊಂದು ಕೆಲಸವೂ ಇದೆ, ಬ್ರಾಡಿಕೈನಿನ್ ಅನ್ನುವುದನ್ನು ಒಡೆಯುವುದು. ಏಸ್ ಕಟ್ಟಿಹಾಕಿದರೆ ಅದು ಜಾಸ್ತಿಯಾಗಿ ಉಸಿರುನಾಳ ಕೆರಳುತ್ತದೆ ಅಂತ ತಜ್ಞರು ಹೇಳುತ್ತಾರೆ. ಅಣುವನ್ನು ಎಷ್ಟು ತಿದ್ದಿದರೂ ಇದು ಹೋಗಲ್ಲ, ಹಿಡಿದ ಜಾಗವೇ ಅಂಥದ್ದು. ಹಾಗಾಗಿ ಏಸನ್ನು ಬಿಟ್ಟು, ಆಂಜಿಯೋಟೆನ್ಸಿನ್ ಹೋಗಿ ಕೂರುವ ಜಾಗವನ್ನೇ, ಅಂದರೆ ಗ್ರಾಹಕವನ್ನೇ (ರಿಸೆಪ್ಟರ್) ಮುಚ್ಚುವ ಮಾತ್ರೆಗಳು ಬಂದವು. 1995ರಲ್ಲಿ ಲೊಸಾರ್ಟನ್, ಆಮೇಲೆ ಟೆಲ್ಮಿಸಾರ್ಟನ್.

ಅಮ್ಮ ಈಗ ನುಂಗುವುದು ಟೆಲ್ಮಿಸಾರ್ಟನ್. ಮೊನ್ನೆ ಹಾವಿನ ಕಥೆ ಹೇಳಿದೆ. "ಮೊದಲೇ ಹೇಳಿದ್ರೆ ಆ ಮಾತ್ರೆ ಮುಟ್ತಾನೇ ಇರ್ಲಿಲ್ಲ" ಅಂದರು.