ಹಾರರ್ ಗೇಮ್‌ನಲ್ಲಿ ಕ್ಯಾಮೆರಾ ಎಲ್ಲಿರಬೇಕು? ಮುಗಿಯದ ವಾದದ ಹಿನ್ನೆಲೆ

ಹೊಸ ಹಾರರ್ ಗೇಮ್‌ನ ಟ್ರೇಲರ್ ಬಂದರೆ ಸಾಕು, ಕಥೆ ಏನು, ದೆವ್ವ ಎಂಥದ್ದು ಎಂದು ಕೇಳುವ ಮೊದಲೇ ಒಂದು ಪ್ರಶ್ನೆ ಬರುತ್ತದೆ. ಫಸ್ಟ್ ಪರ್ಸನ್ನಾ, ಥರ್ಡ್ ಪರ್ಸನ್ನಾ? ಅಂದರೆ ಪಾತ್ರದ ಕಣ್ಣಿನಿಂದ ನೋಡುವುದಾ, ಪಾತ್ರವನ್ನು ಹೊರಗಿನಿಂದ ನೋಡುವುದಾ? ಪಾತ್ರದ ಕಣ್ಣಿನಿಂದಲೇ ನೋಡಿದರೆ ಮಾತ್ರ ನಿಜವಾದ ಭಯ ಅನ್ನುವುದು ಒಂದು ಗುಂಪು. ಪಾತ್ರವೇ ಕಾಣದಿದ್ದರೆ ಯಾರಿಗಾಗಿ ಹೆದರಬೇಕು ಅನ್ನುವುದು ಇನ್ನೊಂದು. ಇವರ ನಡುವೆ, ಫಸ್ಟ್ ಪರ್ಸನ್ ಆಡಿದರೆ ಹತ್ತೇ ನಿಮಿಷಕ್ಕೆ ತಲೆ ಸುತ್ತಿ ವಾಕರಿಕೆ ಬರುತ್ತದೆ, ನಾವೇನು ಮಾಡೋಣ ಅನ್ನುವವರು. ಮೂವರ ಮಾತಲ್ಲೂ ಹುರುಳಿದೆ. ಆದರೆ ವಾದ ಎಷ್ಟು ಸಿಕ್ಕಾಗಿದೆ ಅಂದರೆ, ಹಳೆಯ ಆಟಗಳು ಕ್ಯಾಮೆರಾವನ್ನು ಅಲ್ಲಲ್ಲೇ ಯಾಕೆ ಇಟ್ಟವು ಎಂಬುದೇ ಮರೆತುಹೋಗಿದೆ. ಅದಕ್ಕೇ ಸ್ವಲ್ಪ ಹಿಂದಿನಿಂದ ಶುರು ಮಾಡೋಣ.

ಮೊದಲ ವರ್ಷಗಳನ್ನು ಬೇಗ ಮುಗಿಸಬಹುದು. 1980ರ ದಶಕದ ಆರಂಭದಲ್ಲೇ 16 ಕೆಬಿ ಮೆಮೊರಿಯ ಝಡ್‌ಎಕ್ಸ್81 ಕಂಪ್ಯೂಟರಿಗೆ '3ಡಿ ಮಾನ್‌ಸ್ಟರ್ ಮೇಜ್' ಬಂದಿತ್ತು. ಫಸ್ಟ್ ಪರ್ಸನ್ ನೋಟ, ದಾರಿ ತಪ್ಪಿಸುವ ಓಣಿಗಳು, ಒಳಗೆಲ್ಲೋ ಒಂದು ಡೈನೋಸಾರ್. ಶಬ್ದವೇ ಇಲ್ಲ. ಅದು ಬೆನ್ನ ಹಿಂದೆಯೇ ಇದೆ, ಓಡಿ ಅನ್ನುವಂಥ ಒಂದು ಸಾಲು ಸ್ಕ್ರೀನ್ ಮೇಲೆ ಮೂಡುತ್ತಿತ್ತು, ಅಷ್ಟೇ. 1989ರ 'ಸ್ವೀಟ್ ಹೋಮ್' ಮನೆಯನ್ನು ಮೇಲಿನಿಂದ ತೋರಿಸಿ, ಕಾದಾಡುವಾಗ ಮಾತ್ರ ದೆವ್ವವನ್ನು ಕಣ್ಣೆದುರು ತಂದು ನಿಲ್ಲಿಸುತ್ತಿತ್ತು. 1992ರಲ್ಲಿ 'ಅಲೋನ್ ಇನ್ ದ ಡಾರ್ಕ್' ಕ್ಯಾಮೆರಾವನ್ನು ಕೋಣೆಯ ಮೂಲೆಗೆ ಒಯ್ದು ಕೂರಿಸಿತು. ಅಲ್ಲಿಂದ ಹಾರರ್ ಗೇಮ್‌ಗಳ ದಾರಿಯೇ ಬದಲಾಯಿತು.

ಇನ್ನು ಸ್ವಲ್ಪ ನಿಧಾನಕ್ಕೆ ಹೋಗೋಣ, ಯಾಕಂದರೆ ಇವತ್ತಿನ ಗೊಂದಲದ ಬೇರು ಇಲ್ಲೇ ಇದೆ.

1996ರ 'ರೆಸಿಡೆಂಟ್ ಈವಿಲ್' ಹುಟ್ಟಿದ್ದು ಫಸ್ಟ್ ಪರ್ಸನ್ ಆಟವಾಗಿ. ನಿರ್ದೇಶಕ ಶಿಂಜಿ ಮಿಕಾಮಿ ಅವರ ತಂಡ ಶುರುವಿನಲ್ಲಿ ಆ ದಾರಿಯನ್ನೇ ಹಿಡಿದಿತ್ತು. ಆದರೆ ಮೊದಲ ಪ್ಲೇಸ್ಟೇಷನ್‌ನ ಮುಖ್ಯ ಮೆಮೊರಿ ಬರೀ 2 ಎಂಬಿ. ಅದರಲ್ಲಿ ಇಡೀ ಬಂಗಲೆಯನ್ನು 3ಡಿಯಲ್ಲಿ ಕಟ್ಟಿದರೆ ಗೋಡೆಗಳು ಬೋಳುಬೋಳಾಗಿ ಕಾಣುತ್ತವೆ. ಹಾಗಾಗಿ 'ಅಲೋನ್ ಇನ್ ದ ಡಾರ್ಕ್' ತೋರಿಸಿದ ದಾರಿಗೇ ಬಂದರು. ಕೋಣೆಗಳೆಲ್ಲ ಮೊದಲೇ ತಯಾರಿಸಿಟ್ಟ ಚಿತ್ರಗಳು. ಪಾತ್ರಗಳು ಮತ್ತು ಜೋಂಬಿಗಳು ಮಾತ್ರ 3ಡಿ. ಚಿತ್ರವನ್ನು ತಿರುಗಿಸಲು ಆಗುತ್ತದಾ? ಇಲ್ಲ. ಆದ್ದರಿಂದ ಕ್ಯಾಮೆರಾ ಕೂಡ ತಿರುಗುವುದಿಲ್ಲ.

ಇದು ಮೆಷಿನ್ನಿನ ಇತಿಮಿತಿಯಿಂದ ಹುಟ್ಟಿದ ಉಪಾಯ, ನಿಜ. ಆದರೆ ಅದರಿಂದ ಏನಾಯಿತು ನೋಡಿ. ಬಂಗಲೆಯಲ್ಲಿ ಕಿಟಕಿಗಳ ಸಾಲಿರುವ ಒಂದು ಕಾರಿಡಾರ್ ಬರುತ್ತದೆ. ಕ್ಯಾಮೆರಾ ನಮ್ಮ ಹಿಡಿತದಲ್ಲಿಲ್ಲ. ಅದು ದೂರದಲ್ಲಿ ನಿಂತು ನಮ್ಮನ್ನು ನೋಡುತ್ತಿದೆ. ಬೂಟಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ನಡೆಯುತ್ತೇವೆ, ಒಂದು ಕಿಟಕಿ ದಾಟುತ್ತೇವೆ, ಅಷ್ಟರಲ್ಲಿ ಗಾಜು ಒಡೆದುಕೊಂಡು ನಾಯಿ ಒಳಗೆ ಹಾರುತ್ತದೆ. ಎದೆ ಝಲ್ಲೆನ್ನುತ್ತದೆ. ಆಮೇಲೆ ಶುರುವಾಗುತ್ತದೆ ಅಸಲಿ ಭಯ. ಆಟದ ಉಳಿದ ಪ್ರತಿ ಕಾರಿಡಾರ್‌ನಲ್ಲೂ ಕಿಟಕಿ ಕಂಡರೆ ಹೆಜ್ಜೆ ತಾನಾಗಿ ನಿಧಾನವಾಗುತ್ತದೆ. ಪಾತ್ರ ಮೂಲೆ ತಿರುಗಿದಾಗ ಆ ಕಡೆ ಏನಿದೆ ಎಂದು ಪಾತ್ರಕ್ಕೆ ಕಾಣುತ್ತಿರಬೇಕು, ನಮಗೆ ಕಾಣುವುದಿಲ್ಲ. ನರಳುವ ಸದ್ದು ಮಾತ್ರ ಕೇಳಿಸುತ್ತದೆ. ಪಾತ್ರಕ್ಕಿಂತ ನಮಗೇ ಕಡಿಮೆ ಗೊತ್ತಿರುವ ಆ ಸ್ಥಿತಿ ಫಸ್ಟ್ ಪರ್ಸನ್‌ನಲ್ಲಿ ಸಾಧ್ಯವೇ ಇಲ್ಲ.

ಆ ಕಾಲದ ಕಂಟ್ರೋಲ್ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಮೇಲಿನ ಬಟನ್ ಒತ್ತಿದರೆ ಪಾತ್ರ ತಾನು ಮುಖ ಮಾಡಿದ ಕಡೆಗೆ ನಡೆಯುತ್ತದೆ, ಪಕ್ಕದ ಬಟನ್ ಒತ್ತಿದರೆ ನಿಂತಲ್ಲೇ ತಿರುಗುತ್ತದೆ. ಟ್ಯಾಂಕ್ ಕಂಟ್ರೋಲ್ ಎಂದು ಬೈಸಿಕೊಂಡ ಪದ್ಧತಿ ಇದು. ಆದರೆ ಕ್ಯಾಮೆರಾ ಒಂದು ಕೋನದಿಂದ ಇನ್ನೊಂದಕ್ಕೆ ಥಟ್ಟನೆ ಹಾರುವಾಗ, ಓಡುತ್ತಿರುವವರ ದಿಕ್ಕು ತಪ್ಪಬಾರದಲ್ವಾ? ಅದಕ್ಕಾಗಿ ಹಾಗೆ ಮಾಡಿದ್ದು.

ಇನ್ನೊಂದು ಸಂಗತಿ ನನಗೆ ತುಂಬ ಇಷ್ಟ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ಲೋಡಿಂಗ್ ಮುಚ್ಚಿಡಲು ಆ ಆಟ ಒಂದು ಬಾಗಿಲನ್ನು ತೋರಿಸುತ್ತಿತ್ತು. ಸುತ್ತ ಕಪ್ಪು ಕತ್ತಲು, ನಡುವೆ ನಿಧಾನಕ್ಕೆ ಕಿರುಗುಟ್ಟುತ್ತಾ ತೆರೆಯುವ ಬಾಗಿಲು. ಆ ಕೆಲವು ಸೆಕೆಂಡ್ ಪೂರ್ತಿ ಫಸ್ಟ್ ಪರ್ಸನ್. ಥರ್ಡ್ ಪರ್ಸನ್ ಹಾರರ್‌ನ ಹಿರಿಯ ಆಟವೇ ಪ್ರತಿ ಹೊಸ್ತಿಲಲ್ಲೂ ಕಣ್ಣನ್ನು ನಮಗೆ ಕೊಟ್ಟು, ಒಳಗೆ ಕಾಲಿಟ್ಟ ತಕ್ಷಣ ವಾಪಸ್ ಕಿತ್ತುಕೊಳ್ಳುತ್ತಿತ್ತು.

ಅಲ್ಲಿಂದ ಮುಂದಿನ ಏಳೆಂಟು ವರ್ಷ ಈ ಪ್ರಕಾರದ ಅತ್ಯಂತ ಧೈರ್ಯದ ಕಾಲ. 1999ರ 'ಸೈಲೆಂಟ್ ಹಿಲ್' ಊರನ್ನು ನಿಜವಾದ 3ಡಿಯಲ್ಲಿ ಕಟ್ಟಿತು. ದೂರದ್ದನ್ನು ತೋರಿಸುವ ಶಕ್ತಿ ಮೆಷಿನ್‌ಗೆ ಇರಲಿಲ್ಲ, ಅದಕ್ಕೆ ಮಂಜು ಹೊದಿಸಿದರು. ದೆವ್ವ ಹತ್ತಿರ ಬಂದರೆ ಜೇಬಿನ ರೇಡಿಯೋ ಕರಕರ ಅನ್ನುತ್ತದೆ, ಯಾವ ಕಡೆಯಿಂದ ಎಂದು ಮಾತ್ರ ಹೇಳುವುದಿಲ್ಲ. 2001ರ 'ಫೇಟಲ್ ಫ್ರೇಮ್'ನಲ್ಲಿ ನಡೆಯುವುದು ಥರ್ಡ್ ಪರ್ಸನ್, ದೆವ್ವವನ್ನು ಎದುರಿಸುವುದು ಫಸ್ಟ್ ಪರ್ಸನ್. ಅಲ್ಲಿ ಆಯುಧ ಅಂದರೆ ಒಂದು ಹಳೆಯ ಫೋಟೋ ಕ್ಯಾಮೆರಾ. ದೆವ್ವ ಎಷ್ಟು ಹತ್ತಿರ ಬರುತ್ತದೋ ಫೋಟೋಗೆ ಅಷ್ಟು ಬಲ. ಅಂದರೆ ಓಡಿಹೋಗಬೇಕಾದ ಗಳಿಗೆಯಲ್ಲಿ ಕ್ಯಾಮೆರಾ ಕಣ್ಣಿಗೆ ಹಿಡಿದು, ಅದರ ಮುಖವನ್ನೇ ದಿಟ್ಟಿಸುತ್ತಾ, ಇನ್ನೊಂಚೂರು ಬರಲಿ, ಇನ್ನೊಂಚೂರು ಬರಲಿ ಎಂದು ಕಾಯಬೇಕು.

2003ರ 'ಸೈರನ್' ಇನ್ನೂ ಮುಂದೆ ಹೋಯಿತು. ಅದರಲ್ಲಿ ವೈರಿಗಳ ಕಣ್ಣಿನೊಳಗೆ ಹೊಕ್ಕು ಅವರು ನೋಡುತ್ತಿರುವುದನ್ನು ನಾವೂ ನೋಡಬಹುದು. ಗೋಡೆ ಪಕ್ಕ ಅಡಗಿ ಕೂತು ಒಬ್ಬನ ನೋಟವನ್ನು ಹಿಡಿಯುತ್ತೇವೆ. ಅವನ ಉಸಿರು ಕೇಳಿಸುತ್ತದೆ, ಅವನ ಕೈಯಲ್ಲಿರುವುದು ಕಾಣಿಸುತ್ತದೆ. ಅವನು ಮೂಲೆ ತಿರುಗುತ್ತಾನೆ. ಎದುರಿಗೆ ಯಾರೋ ಮುದುಡಿ ಕೂತಿದ್ದಾರೆ. ಅದು ನಾವೇ. ಫಸ್ಟ್ ಪರ್ಸನ್ ಮತ್ತು ಥರ್ಡ್ ಪರ್ಸನ್ ಒಂದೇ ಚಿತ್ರದಲ್ಲಿ ಕೂಡಿದ ಆ ಗಳಿಗೆಗೆ ಸಮನಾದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಮರುವರ್ಷ 'ಸೈಲೆಂಟ್ ಹಿಲ್ 4' ತನ್ನ ನಾಯಕ ಸಿಕ್ಕಿಬಿದ್ದ ಮನೆಯನ್ನು ಫಸ್ಟ್ ಪರ್ಸನ್‌ನಲ್ಲೂ ಹೊರಗಿನ ಲೋಕವನ್ನು ಥರ್ಡ್ ಪರ್ಸನ್‌ನಲ್ಲೂ ತೋರಿಸಿತು. ಇದರಲ್ಲಿ ಯಾವುದು ಉತ್ತಮ ಎಂಬ ಪ್ರಶ್ನೆಯೇ ಆ ಆಟಗಳಿಗೆ ಇರಲಿಲ್ಲ. ಯಾವಾಗ ಯಾವುದು ಎಂಬುದಷ್ಟೇ ಇತ್ತು.

2005ರಲ್ಲಿ 'ರೆಸಿಡೆಂಟ್ ಈವಿಲ್ 4' ಬಂದು ಕ್ಯಾಮೆರಾವನ್ನು ನಾಯಕನ ಭುಜದ ಹಿಂದೆ ತಂದಿಟ್ಟಿತು. ಅದ್ಭುತ ಆಟ. ಗುರಿ ಹಿಡಿದರೆ ಕಾಲು ಕದಲಿಸುವಂತಿಲ್ಲ ಎಂಬ ಒಂದು ನಿಯಮದಿಂದಲೇ ಅದು ಭಯವನ್ನು ಉಳಿಸಿಕೊಂಡಿತು. 2008ರ 'ಡೆಡ್ ಸ್ಪೇಸ್' ಎಷ್ಟು ಪ್ರಾಣ ಉಳಿದಿದೆ ಎಂದು ತೋರಿಸುವ ಪಟ್ಟಿಯನ್ನು ನಾಯಕನ ಬೆನ್ನುಮೂಳೆಯ ಮೇಲೇ ಬೆಳಗಿಸಿತು, ಹೇಗೂ ನೋಡುತ್ತಿರುವುದು ಅವನ ಬೆನ್ನನ್ನೇ ತಾನೇ. ಆದರೆ ಭುಜದ ಹಿಂದಿನ ಕ್ಯಾಮೆರಾ ಗುರಿ ಇಡಲು ಎಷ್ಟು ಸಲೀಸು ಅಂದರೆ, ಆಟಗಳು ಹೆಚ್ಚು ಹೆಚ್ಚು ಗುಂಡು ಹಾರಿಸುವ ಕಡೆಗೆ ವಾಲಿದವು. ಕೋಣೆಯ ಮೂಲೆಯಲ್ಲಿ ನಿಂತ ಕ್ಯಾಮೆರಾ ದೊಡ್ಡ ಆಟಗಳಿಂದ ಹೆಚ್ಚುಕಡಿಮೆ ಮಾಯವಾಯಿತು.

ಗೊಂದಲ ಹುಟ್ಟಿದ್ದು ಇಲ್ಲಿ. ಕೋಣೆಯ ಮೂಲೆಯ ಕ್ಯಾಮೆರಾಕ್ಕೂ ಥರ್ಡ್ ಪರ್ಸನ್ ಅಂತಲೇ ಹೆಸರು, ಭುಜದ ಹಿಂದಿನದಕ್ಕೂ ಅದೇ ಹೆಸರು. ಕೆಲಸ ಮಾತ್ರ ತದ್ವಿರುದ್ಧ. ಮೂಲೆಯ ಕ್ಯಾಮೆರಾ ಮುಂದಿರುವುದನ್ನು ಬಚ್ಚಿಡುತ್ತದೆ. ಫಸ್ಟ್ ಪರ್ಸನ್ ಹಿಂದಿರುವುದನ್ನು ಬಚ್ಚಿಡುತ್ತದೆ. ಭುಜದ ಹಿಂದಿನದು ಮುಂದನ್ನೂ ತೋರಿಸುತ್ತದೆ, ಅಕ್ಕಪಕ್ಕವನ್ನೂ ತೋರಿಸುತ್ತದೆ, ಕ್ಯಾಮೆರಾ ತಿರುಗಿಸಿದರೆ ಪಾತ್ರ ಅಲುಗಾಡದೆಯೇ ಗೋಡೆಯ ಆಚೆ ಇಣುಕಬಹುದು. ಬಚ್ಚಿಡಲು ಅದಕ್ಕೆ ಜಾಗ ಕಡಿಮೆ. ಥರ್ಡ್ ಪರ್ಸನ್‌ನಲ್ಲಿ ಭಯ ಇಲ್ಲ ಎಂದು ಹೇಳುವವರು ಬಹಳಷ್ಟು ಸಲ ಹೇಳುತ್ತಿರುವುದು ಈ ಭುಜದ ಹಿಂದಿನ ಕ್ಯಾಮೆರಾದ ಬಗ್ಗೆ.

ಅಷ್ಟರಲ್ಲಿ ಸಣ್ಣ ತಂಡಗಳು ಫಸ್ಟ್ ಪರ್ಸನ್ ಹಿಡಿದವು. ಪಾತ್ರದ ಇಡೀ ದೇಹವನ್ನು, ಅದರ ನಡಿಗೆಯನ್ನು ತಯಾರಿಸುವ ಖರ್ಚು ಉಳಿಯುತ್ತದೆ ಎಂಬುದೂ ಒಂದು ಕಾರಣ. 2010ರ 'ಅಮ್ನೀಸಿಯಾ: ದ ಡಾರ್ಕ್ ಡಿಸೆಂಟ್' ಆಯುಧವನ್ನೇ ಕೊಡಲಿಲ್ಲ. ಬಾಗಿಲು ತೆರೆಯಲು ಮೌಸ್ ಒತ್ತಿ ಹಿಡಿದು ಕೈಯಿಂದ ಎಳೆಯಬೇಕು. ಒಂದಿಂಚು ತೆರೆದು ಇಣುಕಬಹುದು, ಗಾಬರಿಯಲ್ಲಿ ತಪ್ಪು ದಿಕ್ಕಿಗೆ ಎಳೆದು ಸಿಕ್ಕಿಬೀಳಲೂಬಹುದು. ದೆವ್ವವನ್ನು ದಿಟ್ಟಿಸಿದರೆ ಪಾತ್ರದ ಬುದ್ಧಿ ಕದಡುತ್ತದೆ, ಹಾಗಾಗಿ ಮುಖ ಗೋಡೆಗೆ ಮಾಡಿ ಹೆಜ್ಜೆ ಸದ್ದು ದೂರವಾಗುವ ತನಕ ಕಾಯಬೇಕು. 2013ರ 'ಔಟ್‌ಲಾಸ್ಟ್' ಬ್ಯಾಟರಿ ಮುಗಿಯುತ್ತಾ ಹೋಗುವ ವಿಡಿಯೋ ಕ್ಯಾಮೆರಾ ಕೈಗಿಟ್ಟಿತು. 2014ರ 'ಏಲಿಯನ್: ಐಸೊಲೇಶನ್' ತಂಡ ಥರ್ಡ್ ಪರ್ಸನ್‌ನಲ್ಲೂ ಪ್ರಯತ್ನಿಸಿ ನೋಡಿ ಫಸ್ಟ್ ಪರ್ಸನ್‌ಗೆ ಬಂತು. ಕಾರಣ ಸರಳ. ಮೇಜಿನ ಹಿಂದೆ ಅಡಗಿದವರು ಆಚೆ ಏನಿದೆ ಎಂದು ನೋಡಬೇಕಾದರೆ ನಿಜವಾಗಿಯೂ ತಲೆ ಹೊರಗೆ ಹಾಕಬೇಕು. ಕ್ಯಾಮೆರಾ ತಿರುಗಿಸಿ ಪುಕ್ಕಟೆ ನೋಡುವಂತಿಲ್ಲ.

ಅದೇ ವರ್ಷ ಆಗಸ್ಟ್‌ನಲ್ಲಿ 'ಪಿ.ಟಿ.' ಬಂತು. ಒಂದೇ ಕಾರಿಡಾರ್, ಒಂದು ತಿರುವು, ಕೊನೆಯ ಬಾಗಿಲು ದಾಟಿದರೆ ಮತ್ತೆ ಅದೇ ಕಾರಿಡಾರ್. 2015ರಲ್ಲಿ ಅದನ್ನು ಪ್ಲೇಸ್ಟೇಷನ್ ಸ್ಟೋರ್‌ನಿಂದ ತೆಗೆದರು. ಆಡುವಾಗ ಹಿಂದೆ ಯಾರೋ ಇದ್ದಾರೆ ಅನ್ನಿಸುತ್ತಿತ್ತು ಎಂದು ಎಷ್ಟೋ ಜನ ಹೇಳುತ್ತಿದ್ದರು. 2019ರಲ್ಲಿ ಆಟದ ಒಳಗಿನ ಕ್ಯಾಮೆರಾವನ್ನು ಬಿಡಿಸಿ ಹೊರಗಿನಿಂದ ನೋಡಿದಾಗ ಸಂಗತಿ ಬಯಲಾಯಿತು. ಟಾರ್ಚ್ ಕೈಗೆ ಬಂದಾಗಿನಿಂದ, ಆ ಕಾರಿಡಾರ್‌ನಲ್ಲಿ ಕಾಡುವ ದೆವ್ವದ ಹೆಂಗಸು ಆಟಗಾರರ ಬೆನ್ನಿಗೇ ಅಂಟಿಕೊಂಡು ಬರುತ್ತಿದ್ದಳು. ಆಗಾಗ ಗೋಡೆಯ ಮೇಲೆ ಕಂಡ ನೆರಳು ಅವಳದ್ದೇ. ಇದನ್ನು ಭುಜದ ಹಿಂದಿನ ಕ್ಯಾಮೆರಾದಲ್ಲಿ ಮಾಡಲಾಗದು, ಕ್ಯಾಮೆರಾ ಇರಬೇಕಾದ ಜಾಗದಲ್ಲೇ ಅವಳು ನಿಂತಿದ್ದಾಳೆ.

2017ರ 'ರೆಸಿಡೆಂಟ್ ಈವಿಲ್ 7' ಫಸ್ಟ್ ಪರ್ಸನ್ ಆದಾಗ ವಾದ ಬಹಿರಂಗ ಜಗಳವಾಯಿತು. ಇದು ನಮ್ಮ ಸರಣಿಯೇ ಅಲ್ಲ ಎಂದರು ಹಳಬರು, ಭಯ ವಾಪಸ್ ಬಂತು ಎಂದರು ಹೊಸಬರು. ಎರಡು ವರ್ಷಕ್ಕೆ ಅದೇ ಸರಣಿಯ ಎರಡನೇ ಆಟದ ರೀಮೇಕ್ ಭುಜದ ಹಿಂದಿನ ಕ್ಯಾಮೆರಾದಲ್ಲೇ ಜನರನ್ನು ನಡುಗಿಸಿತು. ಅಲ್ಲಿ ಭಯ ಹುಟ್ಟಿಸಿದ್ದು ಮೇಲಿನ ಮಹಡಿಯಿಂದ ಧಡ್ ಧಡ್ ಎಂದು ಕೇಳುವ, ಬೆನ್ನಟ್ಟಿ ಬರುವ ದೈತ್ಯನ ಬೂಟಿನ ಸದ್ದು. ತೋರಿಸದೆ ಇರಲು ಜಾಗ ಇಲ್ಲದಿದ್ದಾಗ ಕಿವಿಯನ್ನು ಹಿಡಿದರು, ಜಾಣತನ.

ಆಮೇಲೆ ಬಂದದ್ದು ಆಯ್ಕೆಯ ಕಾಲ. 'ದ ಈವಿಲ್ ವಿದಿನ್ 2'ಗೆ 2018ರಲ್ಲಿ ಫಸ್ಟ್ ಪರ್ಸನ್ ಮೋಡ್ ಸೇರಿತು, 'ರೆಸಿಡೆಂಟ್ ಈವಿಲ್ ವಿಲೇಜ್'ಗೆ 2022ರಲ್ಲಿ ಥರ್ಡ್ ಪರ್ಸನ್ ಮೋಡ್. 2025ರಲ್ಲಿ ಘೋಷಣೆಯಾದ 'ರೆಸಿಡೆಂಟ್ ಈವಿಲ್ ರೆಕ್ವಿಯಮ್' ಎರಡನ್ನೂ ಶುರುವಿನಿಂದಲೇ ಆಟಗಾರರ ಕೈಗೆ ಬಿಟ್ಟಿತು. ತಲೆ ಸುತ್ತುವವರಿಗೆ ಇದು ಸಣ್ಣ ವಿಷಯ ಅಲ್ಲ. ಚಲಿಸುತ್ತಿದ್ದೇವೆ ಎಂದು ಕಣ್ಣು ಹೇಳುತ್ತದೆ, ಇಲ್ಲ ಎಂದು ಒಳಕಿವಿ ಹೇಳುತ್ತದೆ, ಆ ತಿಕ್ಕಾಟವೇ ವಾಕರಿಕೆ. ಕಿರಿದಾದ ನೋಟ ಮತ್ತು ನಡೆಯುವಾಗ ತೂಗಾಡುವ ತಲೆ ಹಲವರಿಗೆ ಅದನ್ನು ಹೆಚ್ಚಿಸುತ್ತವೆ, ಹಾರರ್ ಆಟಗಳು ಇಷ್ಟಪಡುವುದೂ ಅವನ್ನೇ. ಆಡಲೇ ಆಗದ ಆಟ ಎಷ್ಟು ಭಯಾನಕವಾಗಿದ್ದರೇನು ಬಂತು?

ಆದರೂ ಆಯ್ಕೆಗೆ ಬೆಲೆ ಇದೆ. ಎರಡು ಕಣ್ಣಿಗೂ ಹೊಂದಬೇಕಾದ ಕೋಣೆಯಲ್ಲಿ, ಒಂದೇ ಕಣ್ಣಿಗೆ ಬಚ್ಚಿಡಬಹುದಾದದ್ದನ್ನು ಬಚ್ಚಿಡುವುದು ಕಷ್ಟ. ಸೈರನ್‌ನ ಆ ಗಳಿಗೆ, ಪಿ.ಟಿ.ಯ ಆ ಹೆಂಗಸು, ಕಿಟಕಿಯ ಆ ನಾಯಿ, ಮೂರೂ ಒಂದು ನಿರ್ದಿಷ್ಟ ನೋಟಕ್ಕೆಂದೇ ಹೊಲಿದ ಬಟ್ಟೆಗಳು. ಹಾಗೆ ಹೊಲಿಯುವ ಕೆಲಸ ಈಗ ಜಾಸ್ತಿ ನಡೆಯುತ್ತಿರುವುದು ಸಣ್ಣ ಆಟಗಳಲ್ಲಿ. 2021ರ 'ಟಾರ್ಮೆಂಟೆಡ್ ಸೋಲ್ಸ್' ನಿಂತ ಕ್ಯಾಮೆರಾವನ್ನು ವಾಪಸ್ ತಂದಿತು. 2022ರ 'ಸಿಗ್ನಾಲಿಸ್' ಮೇಲಿನಿಂದ ನೋಡುವ ಆಟ, ಕೆಲವು ಕಡೆ ಮಾತ್ರ ಇದ್ದಕ್ಕಿದ್ದಂತೆ ಫಸ್ಟ್ ಪರ್ಸನ್‌ಗೆ ಇಳಿಯುತ್ತದೆ.

ದೊಡ್ಡ ಆಟಗಳ ಕಡೆಯಿಂದ ನನಗೆ ನೆನಪಲ್ಲಿ ಉಳಿದದ್ದು ವಿಲೇಜ್‌ನ ಥರ್ಡ್ ಪರ್ಸನ್ ಮೋಡ್. ಅದರ ನಾಯಕ ಈಥನ್‌ನ ಮುಖವನ್ನು ಎರಡು ಆಟಗಳುದ್ದಕ್ಕೂ ಸರಿಯಾಗಿ ತೋರಿಸಿರಲಿಲ್ಲ. ಕ್ಯಾಮೆರಾ ಹೊರಗೆ ಬಂದಿದೆ, ಈಗಲಾದರೂ ನೋಡೋಣ ಎಂದು ಅವನ ಮುಂದಕ್ಕೆ ತಿರುಗಿಸಿದೆ. ಅವನೂ ತಿರುಗಿದ. ಇನ್ನೊಂದು ಕಡೆಯಿಂದ ಪ್ರಯತ್ನಿಸಿದೆ. ಮತ್ತೆ ಬೆನ್ನು.